ಸ್ಟಾಲಿನ್ ಬಗ್ಗೆ ಯಾವ ಜೀವನಚರಿತ್ರೆ ಓದಲಿ?

ಸೋವಿಯತ್ ಒಕ್ಕೂಟದ ಸರ್ವಾಧಿಕಾರಿ ಸ್ಟಾಲಿನ್ ಜೀವನಚರಿತ್ರೆ ಓದಬೇಕು, ಹುಡುಕಿದರೆ ಹತ್ತಾರು ಸಿಗುತ್ತವೆ, ಸಾವಿರ ಪುಟದ್ದನ್ನು ಕೊಂಡು ಅರ್ಧಕ್ಕೆ ಬಿಡೋಕೆ ಮನಸ್ಸಿಲ್ಲ, ಇಂಗ್ಲಿಷಿನದ್ದಾದರೂ ಸರಿ ಅಂತ ಕೇಳಿದ್ದೀರಿ. ಒಂದೇ ಒಂದು ಅಂದರೆ ಒಲೆಗ್ ಖ್ಲೆವ್ನ್ಯುಕ್ ಬರೆದದ್ದನ್ನು ತಗೊಳ್ಳಿ. ಹೆಸರು 'ಸ್ಟಾಲಿನ್: ನ್ಯೂ ಬಯಾಗ್ರಫಿ ಆಫ್ ಎ ಡಿಕ್ಟೇಟರ್'. ಇಂಗ್ಲಿಷಿನಲ್ಲಿ 2015ರಲ್ಲಿ ಬಂತು. ಸುಮಾರು 400 ಪುಟ ಅಷ್ಟೇ.

ಖ್ಲೆವ್ನ್ಯುಕ್ ಮಾಸ್ಕೋದ ಸರ್ಕಾರಿ ಪತ್ರಾಗಾರದಲ್ಲಿ ಕೂತು ಆ ಕಾಲದ ಕಾಗದಪತ್ರಗಳನ್ನು ವರ್ಷಗಟ್ಟಲೆ ಓದಿದವರು. ಆದರೂ ಪುಸ್ತಕ ಕಡತದ ಥರ ಒಣಗಿಲ್ಲ. ಸ್ಟಾಲಿನ್‌ನ ಕೊನೆಯ ದಿನಗಳ ಕಥೆ ಒಂದು ಕಡೆ, ಹುಟ್ಟಿನಿಂದ ಶುರುವಾಗುವ ಬದುಕು ಇನ್ನೊಂದು ಕಡೆ, ಎರಡನ್ನೂ ಹೆಣೆಯುತ್ತಾ ಹೋಗುತ್ತಾರೆ. 1953ರ ಮಾರ್ಚ್ 1ರಂದು ಮಾಸ್ಕೋ ಹೊರಗಿನ ಮನೆಯಲ್ಲಿ ಆತ ಇಡೀ ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಕಾವಲಿನವರಿಗೆ ಏನೋ ಸರಿ ಇಲ್ಲ ಅಂತ ಗೊತ್ತಾಗುತ್ತದೆ, ಆದರೆ ಕರೆಯದೆ ಒಳಗೆ ಹೋಗೋಕೆ ಯಾರಿಗೂ ಧೈರ್ಯ ಇಲ್ಲ. ರಾತ್ರಿ ಅಂಚೆ ಬಂದ ನೆಪದಲ್ಲಿ ಒಬ್ಬ ಒಳಗೆ ಹೋದರೆ, ಸ್ಟಾಲಿನ್ ನೆಲದ ಮೇಲೆ ಬಿದ್ದಿದ್ದ, ಬಟ್ಟೆಯೆಲ್ಲ ಒದ್ದೆ. ವೈದ್ಯರು ಬಂದದ್ದು ಮರುದಿನ ಬೆಳಿಗ್ಗೆ. ಅವನನ್ನು ನೋಡಿಕೊಳ್ಳುತ್ತಿದ್ದ ಹಳೆಯ ವೈದ್ಯ ವಿನೊಗ್ರಾದೊವ್ ಆಗ ಜೈಲಿನಲ್ಲಿದ್ದ, ಹಾಕಿಸಿದವನು ಸ್ಟಾಲಿನ್ನೇ. ಸರ್ವಾಧಿಕಾರ ಹೇಗಿರುತ್ತದೆ ಅಂತ ಇಷ್ಟರಲ್ಲೇ ತಿಳಿಯುತ್ತದೆ, ಅಲ್ವಾ?

ಇನ್ನು ಬೇರೆ ಪುಸ್ತಕ ಕೈಗೆ ಬಂದರೆ ಹೇಗೆ ಅಳೆಯೋದು? ಮೊದಲು ಯಾವಾಗ ಬರೆದದ್ದು ನೋಡಿ. 1991ರಲ್ಲಿ ಸೋವಿಯತ್ ಒಕ್ಕೂಟ ಮುರಿದ ಮೇಲೆ ಪತ್ರಾಗಾರಗಳು ತಕ್ಕಮಟ್ಟಿಗೆ ತೆರೆದವು. ಅದಕ್ಕೆ ಮೊದಲು ಬರೆದವರಿಗೆ ಒಳಗಿನ ಕಾಗದ ಸಿಗುತ್ತಿರಲಿಲ್ಲ. ಐಸಾಕ್ ಡಾಯ್ಚರ್ 1949ರಲ್ಲಿ ಬರೆದದ್ದು ಇವತ್ತಿಗೂ ಓದಿಸಿಕೊಂಡು ಹೋಗುತ್ತದೆ, ಭಾಷೆ ಸೊಗಸು. ಆದರೆ ಅದನ್ನೊಂದೇ ಓದಿ ನಿಲ್ಲಿಸಬೇಡಿ. ಟ್ರಾಟ್‌ಸ್ಕಿ ಬರೆದದ್ದೂ ಇದೆ. ಅದು ಅಧಿಕಾರಕ್ಕಾಗಿ ಸ್ಟಾಲಿನ್ ಜೊತೆ ಗುದ್ದಾಡಿ ಸೋತ ವೈರಿ ಬರೆದ ಪುಸ್ತಕ, ಮುಗಿಸುವ ಮೊದಲೇ 1940ರಲ್ಲಿ ಮೆಕ್ಸಿಕೋದಲ್ಲಿ ಅವನನ್ನು ಕೊಲ್ಲಿಸಿದರು.

ನಾನು ಮೊದಲು ತಿರುಗಿಸಿ ನೋಡುವುದು 1937ರ ಅಧ್ಯಾಯ, ಲಕ್ಷಗಟ್ಟಲೆ ಜನರನ್ನು ಹಿಡಿದು ಕೊಂದ ಕಾಲದ್ದು. 'ಅವನು ರಾಕ್ಷಸ, ಸಂಶಯದ ಪಿಶಾಚಿ' ಅಂತ ಬರೆದು ಮುಗಿಸಿದ್ದರೆ ಆ ಪುಸ್ತಕ ಬೇಡ. ರಾಕ್ಷಸ ಒಬ್ಬನೇ ಅಷ್ಟು ಕೊಲೆ ಮಾಡೋಕೆ ಆಗಲ್ಲ. ಕೆಲಸ ನಡೆದದ್ದು ಕಚೇರಿಗಳಲ್ಲಿ. ಆ ವರ್ಷ ಜುಲೈ 30ರಂದು ಗುಪ್ತ ಪೊಲೀಸರು ಹೊರಡಿಸಿದ 00447 ಸಂಖ್ಯೆಯ ಆದೇಶದಲ್ಲಿ ಯಾವ ಪ್ರಾಂತಕ್ಕೆ ಎಷ್ಟು ಜನ ಅಂತ ಕೋಟಾ ಇತ್ತು: ಒಂದನೇ ವರ್ಗ ಗುಂಡಿಗೆ, ಎರಡನೇ ವರ್ಗ ಬಲವಂತದ ದುಡಿಮೆಯ ಶಿಬಿರಕ್ಕೆ. ಕೆಳಗಿನ ಅಧಿಕಾರಿಗಳು ನಮ್ಮ ಕೋಟಾ ಸಾಲದು, ಜಾಸ್ತಿ ಮಾಡಿ ಅಂತ ಬರೆದು ಕೇಳಿದರು, ಮಾಸ್ಕೋ ಮಂಜೂರು ಮಾಡಿತು. ಇದಲ್ಲದೆ ಶಿಕ್ಷೆಗೆ ಗುರಿಯಾಗಬೇಕಾದವರ ಹೆಸರುಗಳ 383 ಪಟ್ಟಿಗಳು ಮೇಲಿನವರ ಸಹಿಗೆ ಹೋದವು, ಹೆಚ್ಚಿನವುಗಳ ಮೇಲೆ ಸ್ಟಾಲಿನ್‌ನದ್ದೇ ಸಹಿ. 1937-38ರ ಎರಡು ವರ್ಷದಲ್ಲಿ ಗುಂಡಿಗೆ ಬಲಿಯಾದವರು ಪೊಲೀಸರ ಸ್ವಂತ ಲೆಕ್ಕದಲ್ಲೇ 6,80,000ಕ್ಕೂ ಹೆಚ್ಚು. ಯಾರು ಕೇಳಿದರು, ಯಾರು ಸಹಿ ಹಾಕಿದರು, ಯಾರು ಸುಮ್ನಿದ್ದರು ಅಂತ ತೋರಿಸುವ ಲೇಖಕನಿಗೆ ದುಡ್ಡು ಕೊಡಿ.

ಆಮೇಲೆ 1932-33ರ ಬರಗಾಲ. ಯುಕ್ರೇನ್ ಜೊತೆ ಕಜಾಕಸ್ತಾನದ ಬಗ್ಗೆಯೂ ಬರೆದಿದ್ದಾರಾ ನೋಡಿ. ಜನಸಂಖ್ಯೆಗೆ ಹೋಲಿಸಿದರೆ ಅತಿ ಹೆಚ್ಚು ಪಾಲು ಜನ ಸತ್ತದ್ದು ಅಲ್ಲೇ, ಬಹಳ ಪುಸ್ತಕಗಳಲ್ಲಿ ಅದು ಒಂದು ಸಾಲಿಗೆ ಮುಗಿದುಹೋಗುತ್ತದೆ.

ಸ್ಟಾಲಿನ್ ಪರ ಬರೆದವು? ಆತ ಇದ್ದಾಗಲೇ ಒಂದು ಅಧಿಕೃತ 'ಸಂಕ್ಷಿಪ್ತ ಜೀವನಚರಿತ್ರೆ' ಇತ್ತು. ಅದರ ಹೊಸ ಮುದ್ರಣಕ್ಕೆ ಆತ ತನ್ನ ಕೈಯಾರೆ ತಿದ್ದುಪಡಿ ಮಾಡಿದ. ಕೆಲವು ಕಡೆ ಹೊಗಳಿಕೆಯನ್ನೂ ಸೇರಿಸಿದ. ಸ್ಟಾಲಿನ್‌ಗೆ ಜಂಬ, ಆತ್ಮಪ್ರಶಂಸೆ ಅನ್ನೋದು ಲವಲೇಶವೂ ಇಲ್ಲ ಅನ್ನುವ ಮಾತನ್ನೂ ಅವನೇ ಸೇರಿಸಿದ್ದು! ಸ್ಟಾಲಿನ್ ನಂತರ ಪಕ್ಷದ ನಾಯಕನಾದ ಕ್ರುಶ್ಚೇವ್ 1956ರ ಗುಪ್ತ ಭಾಷಣದಲ್ಲಿ ಇದನ್ನೇ ಓದಿ ಹೇಳಿದ. ಸಿಕ್ಕರೆ ತಮಾಷೆಗೆ ಓದಬಹುದು.

ಎರಡನೆಯ ಪುಸ್ತಕ ಬೇಕಾದರೆ ನಿಮ್ಮ ರುಚಿ ಹೇಗೆ ಅನ್ನುವುದರ ಮೇಲೆ ಹೋಗುತ್ತದೆ. ಕಥೆಯ ಥರ ಓಡಬೇಕು ಅಂದರೆ ಸೈಮನ್ ಸೆಬಾಗ್ ಮಾಂಟಿಫಿಯೋರಿ. 'ಯಂಗ್ ಸ್ಟಾಲಿನ್' ಶುರುವಾಗುವುದೇ 1907ರ ಟಿಫ್ಲಿಸ್ (ಈಗಿನ ಜಾರ್ಜಿಯಾದ ಟಿಬಿಲಿಸಿ) ದರೋಡೆಯಿಂದ, ಹಾಡಹಗಲೇ ಪೇಟೆಯ ಚೌಕದಲ್ಲಿ ಬಾಂಬು ಎಸೆದು ಬ್ಯಾಂಕಿನ ಹಣ ಹೊತ್ತೊಯ್ದದ್ದು. ಅವರದೇ 'ದಿ ಕೋರ್ಟ್ ಆಫ್ ದಿ ರೆಡ್ ತ್ಸಾರ್' ಊಟ, ಕುಡಿತ, ಸಂಸಾರ, ಚಾಡಿ ಎಲ್ಲ ತುಂಬಿದ ಪುಸ್ತಕ. ಮನುಷ್ಯರು ಕಣ್ಣಿಗೆ ಕಟ್ಟುತ್ತಾರೆ, ಆದರೆ ದೇಶ ಹೇಗೆ ನಡೆಯುತ್ತಿತ್ತು ಅನ್ನುವುದು ಹಿಂದೆ ಸರಿಯುತ್ತದೆ.

ಸಾವಿರ ಪುಟಕ್ಕೆ ಹೆದರದವರಿಗೆ ಸ್ಟೀಫನ್ ಕಾಟ್ಕಿನ್. 2014ರಲ್ಲಿ ಬಂದ ಮೊದಲ ಸಂಪುಟ 1928ಕ್ಕೆ ನಿಲ್ಲುತ್ತದೆ, 2017ರದ್ದು 1941ಕ್ಕೆ. ಶುರುವಿನಲ್ಲಿ ಎಷ್ಟೋ ಪುಟ ಸ್ಟಾಲಿನ್ ಕಾಣಿಸೋದೇ ಇಲ್ಲ, ರಷ್ಯಾ ಸಾಮ್ರಾಜ್ಯದ ಕಥೆಯೇ ನಡೆಯುತ್ತದೆ. ತಾಳ್ಮೆ ಇದ್ದವರಿಗೆ ಅದೇ ಲಾಭ. ಒಂದು ಎಚ್ಚರಿಕೆ: ಸ್ಟಾಲಿನ್‌ನನ್ನು ಹುದ್ದೆಯಿಂದ ಸರಿಸಿ ಅಂತ ಲೆನಿನ್ ಹೇಳಿದ ಪತ್ರ ನಿಜಕ್ಕೂ ಲೆನಿನ್‌ನದ್ದೇನಾ ಅಂತ ಕಾಟ್ಕಿನ್ ಅನುಮಾನಿಸುತ್ತಾರೆ. ಹೆಚ್ಚಿನ ಇತಿಹಾಸಕಾರರು ಇದನ್ನು ಒಪ್ಪಲ್ಲ.

ಜೀವನಚರಿತ್ರೆ ಅಲ್ಲದಿದ್ದರೂ ಪಕ್ಕಕ್ಕೆ ಒಂದು ಇಟ್ಟುಕೊಳ್ಳಿ: ಮಗಳು ಸ್ವೆತ್ಲಾನಾ ಬರೆದ 'ಟ್ವೆಂಟಿ ಲೆಟರ್ಸ್ ಟು ಎ ಫ್ರೆಂಡ್'. ಅದಕ್ಕೆ ನಮ್ಮ ದೇಶದ ನಂಟೂ ಇದೆ. ಆಕೆ ತನ್ನ ಸಂಗಾತಿ ಬ್ರಜೇಶ್ ಸಿಂಗ್ ಅವರ ಚಿತಾಭಸ್ಮ ತಗೊಂಡು 1966ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂದು, ಉತ್ತರ ಪ್ರದೇಶದ ಕಾಲಾಕಾಂಕರ್‌ನಲ್ಲಿ ಇದ್ದು, 1967ರ ಮಾರ್ಚಿನಲ್ಲಿ ದೆಹಲಿಯ ಅಮೆರಿಕನ್ ರಾಯಭಾರ ಕಚೇರಿಗೆ ಹೋಗಿ ಆಶ್ರಯ ಕೇಳಿದಳು. ಪುಸ್ತಕ ಅದೇ ವರ್ಷ ಹೊರಬಂತು. ಮನೆಯೊಳಗಿನ ಸ್ಟಾಲಿನ್ ಸಿಗುವುದು ಅಲ್ಲೇ. ಅಪ್ಪನ ಪಾಪವನ್ನೆಲ್ಲ ಪೊಲೀಸ್ ಮುಖ್ಯಸ್ಥ ಬೇರಿಯಾನ ತಲೆಗೆ ಕಟ್ಟುವ ಜಾಗ ಬಂದಾಗ ಮಾತ್ರ ಆಕೆಯ ಮಾತನ್ನು ಪೂರ್ತಿ ನಂಬಬೇಡಿ.