ವಜ್ರದ ಪೇಸ್ಟ್ ಇದ್ದರೂ ಸಿಲಿಕಾನ್‌ಗೆ ಕೊನೆಯ ಪಾಲಿಶ್ ಬೇರೆ ಯಾಕೆ?

ಕಾಲೇಜ್ ಲ್ಯಾಬಿನಲ್ಲಿ 1 ಮೈಕ್ರಾನ್ ವಜ್ರದ ಪೇಸ್ಟ್ ಇದೆ, ಸಿಲಿಕಾನ್ ವೇಫರನ್ನು (ಚಿಪ್ ಮಾಡುವ ತೆಳು ಬಿಲ್ಲೆ) ಅದರಲ್ಲೇ ಕನ್ನಡಿ ಮಾಡಬಹುದಲ್ವಾ ಅಂತ ಕೇಳಿದ್ದೀರಿ. ಕಣ್ಣಿಗೆ ಕನ್ನಡಿ ಆಗುತ್ತದೆ. ಚಿಪ್ ಕೆಲಸಕ್ಕೆ ಸಾಲದು.

ನಾನು ಹೊಸೂರಿನವನು. ಇಲ್ಲೇ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಪಂಪಿಗೆ ಹಾಕುವ ಅಲ್ಯುಮಿನಾ (ಗಟ್ಟಿ ಸೆರಾಮಿಕ್) ಸೀಲ್ ರಿಂಗ್ ಲ್ಯಾಪಿಂಗ್ ಮಾಡುತ್ತಿದ್ದೆ, ಅಂದರೆ ಪ್ಲೇಟಿನ ಮೇಲೆ ಸಣ್ಣ ಕಾಳು ಹಾಕಿ ಉಜ್ಜಿ ಮಟ್ಟ ಮಾಡುವುದು. ಆಮೇಲೆ ಅತ್ತಿಬೆಲೆ ದಾಟಿ ಸಿಲಿಕಾನ್ ಪಾಲಿಶ್ ಕೆಲಸಕ್ಕೆ ಸೇರಿದೆ. ಎರಡೂ ಕಡೆ ಬೈಸಿಕೊಂಡಿದ್ದೇನೆ.

ಅಲ್ಯುಮಿನಾ ಗೂಡಿನಲ್ಲಿ ಸುಟ್ಟಾಗ ಶೇ. 15ರಿಂದ 20ರಷ್ಟು ಕುಗ್ಗುತ್ತದೆ. ಹಾಗಾಗಿ ಕರಾರುವಾಕ್ ಅಳತೆ ಬೇಕಾದರೆ ಸುಟ್ಟ ಮೇಲೇ ಗ್ರೈಂಡ್ ಮಾಡಬೇಕು. ಆಗ ಅದು ಬಗ್ಗುವುದು ವಜ್ರದ ವ್ಹೀಲಿಗೆ. ಆಮೇಲೆ ಪ್ಲೇಟಿನ ಮೇಲೆ ವಜ್ರದ ಪೇಸ್ಟ್: 9 ಮೈಕ್ರಾನ್, 3, ಕೊನೆಗೆ 1. ಮಟ್ಟ ನೋಡಲು ಆಪ್ಟಿಕಲ್ ಫ್ಲಾಟ್ (ತೀರಾ ಸಮತಟ್ಟಾದ ಗಾಜು) ಇಟ್ಟು ಹಳದಿ ದೀಪದಡಿ ಕಾಣುವ ಕಪ್ಪು ಪಟ್ಟಿ ಎಣಿಸುತ್ತಿದ್ದೆವು. ಒಂದು ಪಟ್ಟಿ ಅಂದರೆ ಸುಮಾರು 0.3 ಮೈಕ್ರಾನ್ ಏರುಪೇರು. ಎರಡು-ಮೂರರ ಒಳಗಿದ್ದರೆ ಪಾಸ್.

ಒಂದು ರಾತ್ರಿ ಶಿಫ್ಟಿನಲ್ಲಿ 9ರಿಂದ 3ಕ್ಕೆ ಹೋಗುವಾಗ ನಾನು ಜಿಗ್ (ರಿಂಗ್ ಹಿಡಿಯುವ ಸಾಧನ) ಸರಿಯಾಗಿ ತೊಳೆದಿರಲಿಲ್ಲ. ದಪ್ಪ ಕಾಳು ಒಂದೆರಡು ಉಳಿದಿತ್ತು, ಅಷ್ಟೇ. ಬೆಳಿಗ್ಗೆ ನೋಡಿದರೆ ಅಷ್ಟೂ ರಿಂಗಿನ ಮೇಲೆ ಗೀರು. ಫೋರ್‌ಮನ್ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬೈದರು. ಹೊಸೂರು ಅಲ್ವಾ!

ಸೀಲ್ ರಿಂಗಿನಲ್ಲಿ ಕಾಣುವ ಗೀರು ಹೋದರೆ ಆಯಿತು. ಸಿಲಿಕಾನ್ ಹಾಗಲ್ಲ. ಅದು ಗಾಜಿನಂತೆ ಪೆಡಸು. ವಜ್ರದ ಕಾಳು ಉಜ್ಜಿದ ಕಡೆ ಗೀರಿನ ಕೆಳಗೂ ಬಿರುಕು ಇಳಿಯುತ್ತದೆ, ಹರಳಿನ ಜೋಡಣೆ ಕೆಡುತ್ತದೆ. ಮೇಲೆ ಫಳಫಳ, ಒಳಗೆ ಗಾಯ. ವೈರ್ ಸಾ (ತಂತಿ ಗರಗಸ) ಕೊಯ್ದಾಗ ಆದ ಗಾಯವನ್ನು ಲ್ಯಾಪಿಂಗ್ ತೆಗೆಯುತ್ತದೆ, ಲ್ಯಾಪಿಂಗ್ ಮಾಡಿದ ಗಾಯವನ್ನು ಎಚಿಂಗ್, ಅಂದರೆ ರಾಸಾಯನಿಕದಲ್ಲಿ ಮೇಲ್ಪದರ ಕರಗಿಸುವುದು. ಕೊನೆಗೆ ಹೊಸ ಗಾಯವನ್ನೇ ಮಾಡದ ಪಾಲಿಶ್ ಬೇಕು.

ಅದೇ ಕೊಲಾಯ್ಡಲ್ ಸಿಲಿಕಾ, ಅಂದರೆ ನೀರಿನಲ್ಲಿ ತೇಲುವ ಸಿಲಿಕಾದ ಅತಿ ಸಣ್ಣ ಕಾಳು. ಕಾಳು ಮೈಕ್ರಾನಿನ ಹತ್ತನೇ ಒಂದು ಪಾಲಿಗಿಂತಲೂ ಸಣ್ಣದು. ಅದನ್ನು ಪಿಎಚ್ 10-11ರ ಕ್ಷಾರದ ನೀರಿನಲ್ಲಿ ಕಲಸಿ ಪಾಲಿಯುರೆಥೇನ್ ಪ್ಯಾಡಿನ ಮೇಲೆ ಬಿಡುತ್ತಾರೆ. ಕ್ಷಾರ ಮೇಲಿನ ಪದರವನ್ನು ಮೆತ್ತಗೆ ಮಾಡುತ್ತದೆ, ಸಿಲಿಕಾ ಅದನ್ನು ಒರೆಸಿಕೊಂಡು ಹೋಗುತ್ತದೆ. 1960ರ ದಶಕದಲ್ಲಿ ಅಮೆರಿಕದ ಮೊನ್ಸಾಂಟೊ ಕಂಪನಿಯವರು ತಂದ ಉಪಾಯ ಇದು. ಮನೆಯಲ್ಲಿ ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು ಹಚ್ಚಿ ನಾರಿನಲ್ಲಿ ತಿಕ್ಕುವುದಿಲ್ವಾ? ಹುಳಿ ಕಿಲುಬು ಬಿಡಿಸುತ್ತದೆ, ನಾರು ಒರೆಸುತ್ತದೆ. ಇಲ್ಲಿ ಹುಳಿಯ ಬದಲು ಕ್ಷಾರ. ಕೊನೆಗೆ ಉಳಿಯುವ ಉಬ್ಬುತಗ್ಗು ನ್ಯಾನೋಮೀಟರಿನ ಹತ್ತರಲ್ಲಿ ಒಂದೆರಡು ಪಾಲು.

ನಿಮ್ಮ ಲ್ಯಾಬಿನಲ್ಲಿ 1 ಮೈಕ್ರಾನ್ ಆದ ಮೇಲೆ ಎಲ್ಲವನ್ನೂ ಚೆನ್ನಾಗಿ ತೊಳೆದು, ಬೇರೆ ಪ್ಯಾಡಿನಲ್ಲಿ ಕೊಲಾಯ್ಡಲ್ ಸಿಲಿಕಾ ಓಡಿಸಿ. ಕೆಲಸ ನಿಲ್ಲಿಸಿದ ತಕ್ಷಣ ವೇಫರನ್ನೂ ಪ್ಯಾಡನ್ನೂ ನೀರಿಗೆ ಹಿಡಿಯಿರಿ. ಸ್ಲರಿ (ಸಿಲಿಕಾ ಕಲಸಿದ ನೀರು) ಒಣಗಿದರೆ ಕಲ್ಲಾಗುತ್ತದೆ, ಮುಂದಿನ ವೇಫರನ್ನು ಗೀರುತ್ತದೆ. ನನ್ನ ಎರಡನೇ ಬೈಗುಳ ಅದಕ್ಕೇ ಸಿಕ್ಕಿದ್ದು.