ಲೈಟ್‌ಹೌಸ್‌ನಲ್ಲಿ 96 ಬಂದಿದೆ, ಅಂಗವಿಕಲರಿಗೂ ನಡೆಯುತ್ತದೆ ಅಂತ ಬರೆದುಕೊಡಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಹುಬ್ಬಳ್ಳಿಯ ಸಣ್ಣ ಕಂಪನಿಯಲ್ಲಿದ್ದೀರಿ. ಒಂದು ಪತ್ತಿನ ಸಹಕಾರಿ ಸಂಘಕ್ಕೆ ವೆಬ್‌ಸೈಟ್ ಮತ್ತು ಆಪ್ ಮಾಡಿದ್ದೀರಿ. ವೆಬ್‌ಸೈಟನ್ನು ತಾನಾಗಿಯೇ ತಪಾಸಣೆ ಮಾಡುವ ಗೂಗಲ್‌ನ ಲೈಟ್‌ಹೌಸ್, ಆಕ್ಸೆಸಿಬಿಲಿಟಿಯಲ್ಲಿ ಅಂದರೆ ಅಂಗವಿಕಲರೂ ಬಳಸಲು ಆಗುತ್ತದಾ ಅನ್ನುವುದರಲ್ಲಿ, ನಿಮ್ಮ ಸೈಟಿಗೆ ನೂರಕ್ಕೆ 96 ಕೊಟ್ಟಿದೆ. ಅಂಗವಿಕಲ ಸದಸ್ಯರೂ ಬಳಸಬಹುದು ಅಂತ ಸಂಘದವರಿಗೆ ಬರೆದುಕೊಡಬಹುದಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ನನಗೆ ಕಣ್ಣು ಕಾಣುವುದಿಲ್ಲ. ಧಾರವಾಡದಲ್ಲಿದ್ದೇನೆ. ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್‌ಗಳನ್ನು, ಮೊಬೈಲಿನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಹಾಕಿಕೊಂಡು ಇಂಥವನ್ನು ಪರೀಕ್ಷೆ ಮಾಡುವುದೇ ನನ್ನ ಕೆಲಸ. ಒಳ್ಳೆ ಸ್ಕೋರ್ ಬಂದ ಸೈಟಿನಲ್ಲೂ ಒಂದು ಫಾರಂ ತುಂಬಲಾಗದೆ ನಿಂತಿದ್ದೇನೆ. ಲೈಟ್‌ಹೌಸ್ ನೋಡುವುದು ಕೋಡನ್ನು. ಚಿತ್ರಕ್ಕೆ ವಿವರಣೆ ಕೊಟ್ಟಿದ್ದೀರಾ ಅಂತ ನೋಡುತ್ತದೆ, ಆ ವಿವರಣೆಯಲ್ಲಿ ‘ಫೋಟೋ 3’ ಅಂತ ಇದ್ದರೂ ಪಾಸ್ ಮಾಡುತ್ತದೆ. ಇನ್ನು ನಿಮ್ಮ ಆಪನ್ನು ಅದು ನೋಡಿಯೇ ಇಲ್ಲ. ಆಂಡ್ರಾಯ್ಡ್ ಆಪ್‌ಗೆ ಗೂಗಲ್‌ನ ಆಕ್ಸೆಸಿಬಿಲಿಟಿ ಸ್ಕ್ಯಾನರ್ ಬೇರೆಯೇ ಇದೆ. ಎರಡನ್ನೂ ಓಡಿಸಿ, ಸಿಕ್ಕಿದ್ದನ್ನು ಸರಿಮಾಡಿ. ನಿಜವಾದ ಪರೀಕ್ಷೆ ಶುರುವಾಗುವುದು ಅದಾದ ಮೇಲೆ.

ಸದಸ್ಯರು ಆಪ್ ತೆಗೆಯುವುದು ಯಾವ ಕೆಲಸಕ್ಕೆ? ಲಾಗಿನ್ ಆಗಬೇಕು, ಖಾತೆಯಲ್ಲಿ ಎಷ್ಟಿದೆ ನೋಡಬೇಕು, ಸಾಲದ ಕಂತು ಕಟ್ಟಬೇಕು, ರಸೀದಿ ಇಳಿಸಿಕೊಳ್ಳಬೇಕು. ಈ ಒಂದೊಂದು ಕೆಲಸವನ್ನೂ ಒಬ್ಬರೇ ಕೂತು, ಯಾರನ್ನೂ ಕೇಳದೆ, ಮೊದಲಿಂದ ಕೊನೆವರೆಗೆ ಮುಗಿಸಲು ಆಗುತ್ತದಾ? ನಾನು ಅಳೆಯುವುದು ಇದನ್ನೇ. ಹತ್ತು ಪರದೆಯಲ್ಲಿ ಒಂಬತ್ತು ಚೆನ್ನಾಗಿದ್ದು ‘ಹಣ ಕಟ್ಟಿ’ ಬಟನ್ನಿಗೆ ಸ್ಕ್ರೀನ್ ರೀಡರ್ ಓದುವ ಹೆಸರು ಕೋಡಿನಲ್ಲಿ ಇಲ್ಲದಿದ್ದರೆ ಆ ಆಪ್ ನನ್ನ ಪಾಲಿಗೆ ಇಲ್ಲ. ಆಗ ನಾನು ಪಕ್ಕದವರ ಕೈಗೆ ಫೋನ್ ಕೊಡಬೇಕು. ಪಿನ್ ಹೇಳಬೇಕು, ಓಟಿಪಿ ಹೇಳಬೇಕು. ದುಡ್ಡಿನ ವಿಷಯದಲ್ಲಿ ಇದು ಎಷ್ಟು ಅಪಾಯ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಓಟಿಪಿ ಪರದೆಯನ್ನು ಎಲ್ಲಕ್ಕಿಂತ ಮೊದಲು ನೋಡಿ. ಜಾಸ್ತಿ ಜನ ಸಿಕ್ಕಿಬೀಳುವುದು ಅಲ್ಲೇ. ಆರು ಅಂಕಿಗೆ ಆರು ಪೆಟ್ಟಿಗೆ ಇರುತ್ತವೆ, ಒಂದಕ್ಕೂ ಹೆಸರಿರುವುದಿಲ್ಲ. ಕೆಳಗೆ ಸೆಕೆಂಡು ಎಣಿಕೆ ಓಡುತ್ತಿರುತ್ತದೆ. ಸ್ಕ್ರೀನ್ ರೀಡರ್ ಪ್ರತಿ ಸೆಕೆಂಡೂ ‘29, 28, 27’ ಅಂತ ಓದುತ್ತಾ ಹೋದರೆ ಬೇರೆ ಏನೂ ಕೇಳಿಸುವುದಿಲ್ಲ. ಮೆಸೇಜ್ ನೋಡಿ ವಾಪಸ್ ಬರುವಷ್ಟರಲ್ಲಿ ಪರದೆ ಮೊದಲಿನಿಂದ ಶುರುವಾಗಿರುತ್ತದೆ. ಒಂದೇ ಪೆಟ್ಟಿಗೆ ಇಡಿ, ಪೇಸ್ಟ್ ಮಾಡಲು ಬಿಡಿ, ಸಮಯ ಜಾಸ್ತಿ ಕೊಡಿ. ಚಿತ್ರದ ಕ್ಯಾಪ್ಚಾ ಇದ್ದರೆ ತೆಗೆದುಬಿಡಿ. ಲಾಗಿನ್ನಿಗೆ ನೆನಪಿನ ಪರೀಕ್ಷೆ, ನೋಡಿ ಬರೆಯುವ ಪರೀಕ್ಷೆ ಒಂದೇ ದಾರಿ ಆಗಬಾರದು ಅಂತ 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2, ಅಂದರೆ ವೆಬ್ ಆಕ್ಸೆಸಿಬಿಲಿಟಿಯ ಅಂತರರಾಷ್ಟ್ರೀಯ ಮಾರ್ಗಸೂಚಿ ಕೂಡ ಹೇಳುತ್ತದೆ.

ಇನ್ನು ಕನ್ನಡ. ಇದನ್ನು ಪರೀಕ್ಷೆ ಮಾಡುವವರೇ ಕಡಿಮೆ. ಇಂಗ್ಲಿಷ್ ಪುಟ ಚೆನ್ನಾಗಿ ಓದುತ್ತದೆ, ಕನ್ನಡಕ್ಕೆ ಬದಲಿಸಿದರೆ ಎಲ್ಲ ಕೆಡುತ್ತದೆ. ಪುಟದ ಕೋಡಿನಲ್ಲಿ ಭಾಷೆ ಇಂಗ್ಲಿಷ್ ಅಂತಲೇ ಉಳಿದಿದ್ದರೆ ಕೆಲವು ಕಡೆ ಕನ್ನಡ ಸಾಲನ್ನು ಇಂಗ್ಲಿಷ್ ಧ್ವನಿ ಓದಲು ಹೋಗಿ ಏನೂ ತಿಳಿಯುವುದಿಲ್ಲ. ಅಕ್ಷರವೆಲ್ಲ ಕನ್ನಡವಾದರೂ ಬಟನ್ನಿನ ಒಳಗಿನ ಲೇಬಲ್ ‘ಸಬ್ಮಿಟ್ ಬಟನ್ 2’ ಅಂತ ಇರುತ್ತದೆ. ಸಂಘದ ಬೈಲಾ, ವಾರ್ಷಿಕ ವರದಿ ಪಿಡಿಎಫ್‌ಗಳು ಇನ್ನೂ ಕಷ್ಟ. ಎಷ್ಟೋ ಕಚೇರಿಗಳಲ್ಲಿ ಈಗಲೂ ಯೂನಿಕೋಡ್ (ಎಲ್ಲ ಸಾಧನಗಳೂ ಕನ್ನಡ ಅಂತ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡುತ್ತಾರೆ. ಕಣ್ಣಿಗೆ ಅದು ಕನ್ನಡ. ಒಳಗಿರುವುದು ಬರೀ ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಸ್ಕ್ರೀನ್ ರೀಡರ್ ಓದುವುದು ಅವನ್ನೇ. ಕಂಡುಹಿಡಿಯುವುದು ಸುಲಭ: ಪಿಡಿಎಫ್‌ನ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ ನೋಡಿ. ಕನ್ನಡ ಬಾರದಿದ್ದರೆ, ಅಥವಾ ಸಾಲು ಆಯ್ಕೆಯೇ ಆಗದಿದ್ದರೆ, ನಮ್ಮಂಥವರಿಗೆ ಅದು ಖಾಲಿ ಕಾಗದ. ಯೂನಿಕೋಡ್‌ಗೆ ಬದಲಿಸಿ ಪುಟದಲ್ಲೇ ಹಾಕಲು ಹೇಳಿ.

ಕಣ್ಣು ಕಾಣದವರೊಬ್ಬರನ್ನೇ ಮನಸ್ಸಿನಲ್ಲಿಟ್ಟುಕೊಳ್ಳಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಹೆಸರಿಸಲಾಗಿದೆ. ಮಂದದೃಷ್ಟಿಯವರು ಫೋನಿನ ಅಕ್ಷರವನ್ನು ಪೂರ್ತಿ ದೊಡ್ಡದು ಮಾಡಿಕೊಂಡಿರುತ್ತಾರೆ. ನೀವೂ ಹಾಗೆ ಮಾಡಿ ನೋಡಿ. ಸಾಲಿನ ಎತ್ತರ ಇಷ್ಟೇ ಅಂತ ನಿಗದಿ ಮಾಡಿದ್ದರೆ ಒತ್ತಕ್ಷರಗಳು ಕೆಳಗೆ ಕತ್ತರಿಸಿ ಹೋಗುತ್ತವೆ, ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ವ್ಯತ್ಯಾಸ ಕನಿಷ್ಠ 4.5:1 ಇರಬೇಕು. ಬಿಳಿ ಮೇಲೆ ತಿಳಿ ಬೂದು ಅಕ್ಷರ ಹಾಕಿದರೆ ಏಪ್ರಿಲ್ ಬಿಸಿಲಲ್ಲಿ ಗದಗಿನ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ ಯಾರಿಗೂ ಕಾಣದು. ಕೈ ನಡುಗುವವರಿಗೆ ದೊಡ್ಡ ಬಟನ್ ಬೇಕು, ಆಂಡ್ರಾಯ್ಡ್‌ನಲ್ಲಿ 48 ಡಿಪಿ (ಆಂಡ್ರಾಯ್ಡ್‌ನ ಅಳತೆ) ಇಡಿ. ಕಿವಿ ಕೇಳದವರಿಗೆ ‘ಸಹಾಯಕ್ಕೆ ಕರೆ ಮಾಡಿ’ ಅಂದರೆ ಬಾಗಿಲು ಹಾಕಿದಂತೆ. ಮೆಸೇಜ್ ದಾರಿಯೂ ಇರಲಿ. ಬಣ್ಣದಿಂದ ಮಾತ್ರ ಯಾವುದನ್ನೂ ಹೇಳಬೇಡಿ. ನಮ್ಮ ಕಡೆಯ ಒಂದು ಆಸ್ಪತ್ರೆ ಆಪ್‌ನಲ್ಲಿ ಡಾಕ್ಟರ ಹೆಸರು ಚೆನ್ನಾಗಿ ಓದುತ್ತದೆ, ಆದರೆ ಯಾವ ಸಮಯ ಖಾಲಿ ಇದೆ ಅನ್ನುವುದು ಹಸಿರು, ಬೂದು ಬಣ್ಣದಲ್ಲಷ್ಟೇ ಇದೆ. ನಾನು ಪ್ರತಿ ಸಲ ಫೋನ್ ಮಾಡಿಯೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುತ್ತೇನೆ.

ವೆಬ್‌ಸೈಟಿಗೆ ಮೌಸ್ ಬದಿಗಿಟ್ಟು ಟ್ಯಾಬ್, ಎಂಟರ್ ಕೀಗಳಲ್ಲೇ ಓಡಾಡಿ. ಈಗ ಎಲ್ಲಿದ್ದೀನಿ ಅನ್ನುವುದು ಕಾಣಬೇಕು, ಜನ್ಮದಿನಾಂಕದ ಕ್ಯಾಲೆಂಡರಿನೊಳಗೆ ಹೋದರೆ ಹೊರಗೂ ಬರಲಾಗಬೇಕು.

ಟಾಕ್‌ಬ್ಯಾಕ್ ಕಲಿಯಲು ಹೆದರಬೇಡಿ. ಬಲಕ್ಕೆ ಸರಿಸಿದರೆ ಮುಂದಿನದಕ್ಕೆ ಹೋಗುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಆದರೆ ನೀವು ಕಣ್ಣು ಮುಚ್ಚಿ ಮಾಡಿದ್ದು ನಮ್ಮ ಪರೀಕ್ಷೆಯ ಬದಲಿಗೆ ಆಗುವುದಿಲ್ಲ. ಪರದೆ ಹೇಗಿದೆ ಅಂತ ನಿಮಗೆ ಮೊದಲೇ ಗೊತ್ತಿರುತ್ತದೆ. ಅದಕ್ಕೇ ಬಳಸುವವರನ್ನು ಕರೆಸಿ. ನಮ್ಮ ಕಡೆ ಅಂಧರು ಅಂದ ಕೂಡಲೇ ಗದಗಿನ ವೀರೇಶ್ವರ ಪುಣ್ಯಾಶ್ರಮ, ಪುಟ್ಟರಾಜ ಗವಾಯಿಗಳು ನೆನಪಾಗುತ್ತಾರೆ. ಆ ಗೌರವ ನನಗೂ ಇದೆ. ಆದರೆ ಹಾಡುವವರೂ, ಹಾಡದವರೂ ಕರೆಂಟ್ ಬಿಲ್ ಕಟ್ಟಬೇಕು, ಸಾಲ ತೀರಿಸಬೇಕು. ಸಂಘದ ಸದಸ್ಯರಲ್ಲೇ ಅಂಗವಿಕಲರು ಇರುತ್ತಾರೆ, ಅವರನ್ನೇ ಕೇಳಿ. ಬೇರೆ ಬೇರೆ ತೊಂದರೆ ಇರುವವರು ಬರಲಿ, ಅವರ ಸ್ವಂತ ಫೋನಿನಲ್ಲೇ ಮಾಡಲಿ. ಮಾಡುವಾಗ ಸುಮ್ನೆ ಕೂತು ನೋಡಿ, ‘ಅಲ್ಲಿ ಒತ್ತಿ’ ಅನ್ನಬೇಡಿ. ಅವರ ಸಮಯಕ್ಕೆ ದುಡ್ಡು ಕೊಡಿ. ಇದು ಕೆಲಸ, ಉಪಕಾರ ಅಲ್ಲ.

ಸಂಘದವರು ‘ಇದೆಲ್ಲ ಯಾಕೆ’ ಅಂದರೆ 2025ರ ಏಪ್ರಿಲ್ 30ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸಿ. ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಕೆವೈಸಿ (ಗ್ರಾಹಕರ ಗುರುತಿನ ಪರಿಶೀಲನೆ) ಮಾಡಲಾಗದವರ ಅರ್ಜಿಯ ಮೇಲೆ ಬಂದದ್ದು ಅದು. ಡಿಜಿಟಲ್ ಸೇವೆ ಸಿಗುವುದು ಬದುಕುವ ಹಕ್ಕಿನ ಭಾಗ ಅಂತ ಅದರಲ್ಲಿ ಹೇಳಿದೆ. ನಿಮ್ಮ ಆಪ್‌ನಲ್ಲಿ ಮುಖದ ಕೆವೈಸಿ ಇದ್ದರೆ ಅದಕ್ಕೆ ಬೇರೆ ದಾರಿಯೂ ಇಡಿ.

ಬರೆದುಕೊಡುವಾಗ ‘ಎಲ್ಲರಿಗೂ ಆಗುತ್ತದೆ’ ಅನ್ನಬೇಡಿ. ಯಾವ ಆವೃತ್ತಿ, ಯಾವ ಫೋನ್, ಯಾವ ಸ್ಕ್ರೀನ್ ರೀಡರ್, ಯಾವ ಭಾಷೆ, ಯಾವ ಕೆಲಸ ಮುಗಿಯಿತು, ಯಾವುದು ಎಲ್ಲಿ ನಿಂತಿತು ಅಂತ ಬರೆಯಿರಿ. ಕೆಲಸವನ್ನೇ ನಿಲ್ಲಿಸುವ ದೋಷ ಮೊದಲು, ತಡಮಾಡಿಸುವ ದೋಷ ಆಮೇಲೆ. ಮುಂದಿನ ಅಪ್‌ಡೇಟ್ ಬಿಡುವ ಮೊದಲು ಅದೇ ಕೆಲಸಗಳನ್ನು ಇನ್ನೊಮ್ಮೆ ಮಾಡಿಸಿ. ಹೊಸ ವಿನ್ಯಾಸ ಬಂದಾಗ ಹಳೆಯ ಲೇಬಲ್‌ಗಳು ಬಿದ್ದುಹೋಗುವುದು ತೀರಾ ಸಾಮಾನ್ಯ.