ಪಾದ್ರಿಗಳ ಕಾಲೇಜಿಗೆ ದುಡ್ಡು ಎಲ್ಲಿಂದ ಬರುತ್ತದೆ?

ಪ್ರಶ್ನೆ: ಅಯ್ಯನವರೇ, ನಮ್ಮ ಊರು ಬೆಟಗೇರಿ. ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇವೆ. ಮಗಳು ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ಪಾದ್ರಿಯಾಗಲು ಕಾಲೇಜು ಸೇರಿದ್ದಾಳೆ. ಮೊನ್ನೆ ಆ ಕಾಲೇಜಿನಿಂದ ದೇಣಿಗೆ ಕೇಳಿ ಪತ್ರ ಬಂತು. ಅಷ್ಟು ಶ್ರೀಮಂತ ಚರ್ಚು ನಮ್ಮಂಥವರ ಹತ್ತಿರ ಯಾಕೆ ಕೇಳುತ್ತದೆ? ನಮ್ಮ ತಂದೆಯವರು ಮಂಗಳೂರಿನ ಬಲ್ಮಠದ ದೈವಜ್ಞಾನ ಕಾಲೇಜಿನಲ್ಲಿ ಓದಿ ಸಭಾಪಾಲಕರಾಗಿದ್ದವರು. ಅವರ ಹೆಸರಿನಲ್ಲಿ ಏನಾದರೂ ಕೊಡಬೇಕೆಂದಿದೆ. ಎಲ್ಲಿಗೆ, ಯಾವುದಕ್ಕೆ ಕೊಡಲಿ?

ಉತ್ತರ: ಸಹೋದರಿ, ಆ ಪತ್ರವನ್ನು ತಪ್ಪು ತಿಳಿಯಬೇಡಿ. ಅಂಥದೇ ಒಂದು ಕಾಲೇಜಿನ ಲೆಕ್ಕಪತ್ರ ಸಮಿತಿಯಲ್ಲಿ ನಾನು ಕೆಲವು ವರ್ಷ ಇದ್ದೆ. ದೇಣಿಗೆ ಕೇಳಿ ಪತ್ರ ಬರೆಯುವವರ ಕಷ್ಟ ನನಗೆ ಗೊತ್ತು.

ಚರ್ಚ್ ಆಫ್ ಇಂಗ್ಲೆಂಡಿನ ದೊಡ್ಡ ಗಂಟು ಚರ್ಚ್ ಕಮಿಷನರ್ಸ್ ಎಂಬ ಸಂಸ್ಥೆಯ ಕೈಯಲ್ಲಿದೆ. ಸಾವಿರ ಕೋಟಿ ಪೌಂಡಿಗೂ ಜಾಸ್ತಿ. ಆದರೆ ಅದಕ್ಕೆ ಬಿಷಪ್ಪರ ಖರ್ಚು, ಕೆಥೆಡ್ರಲ್‌ಗಳು, ಬಡ ಡಯಾಸಿಸ್‌ಗಳ (ಒಬ್ಬೊಬ್ಬ ಬಿಷಪ್ಪರ ಆಡಳಿತದ ಪ್ರಾಂತಗಳ) ನೆರವು, 1998ಕ್ಕೆ ಮುಂಚಿನ ಸೇವೆಯ ಪಿಂಚಣಿ, ಹೀಗೆ ಎಷ್ಟೋ ಬಾಬತ್ತುಗಳಿವೆ. ಕಾಲೇಜುಗಳು ಆ ಮನೆಯ ಮಕ್ಕಳಲ್ಲ. ಒಂದೊಂದೂ ತನ್ನದೇ ಆಡಳಿತ ಮಂಡಳಿ ಇರುವ ಬೇರೆ ಧರ್ಮದತ್ತಿ ಸಂಸ್ಥೆ. ತನ್ನ ಸಾಲ ತಾನೇ ತೀರಿಸಬೇಕು.

ನಿಮ್ಮ ಮಗಳ ಫೀಸು ಬರುವ ದಾರಿ ನೋಡಿ. ಭಾನುವಾರ ಜನ ಹಾಕುವ ಕಾಣಿಕೆಯಲ್ಲಿ ಒಂದು ಪಾಲು ಡಯಾಸಿಸ್‌ಗೆ ಹೋಗುತ್ತದೆ. ಅಲ್ಲಿಂದ ಒಂದು ಪಾಲು ಇಡೀ ಚರ್ಚಿನ ಕೇಂದ್ರ ಮಂಡಳಿಯಾದ ಆರ್ಚ್‌ಬಿಷಪ್ಸ್ ಕೌನ್ಸಿಲ್‌ಗೆ. ಅಭ್ಯರ್ಥಿಗಳ ತರಬೇತಿಗೆಂದು ಇಟ್ಟ ಹಣ ತಲೆಗಿಷ್ಟು ಎಂದು ಕಾಲೇಜಿಗೆ ಸೇರುತ್ತದೆ. ಅಂದರೆ ಯಾವುದೋ ಹಳ್ಳಿಯ ಅಜ್ಜಿ ತನ್ನ ಪಿಂಚಣಿಯಲ್ಲಿ ಉಳಿಸಿ ಹಾಕಿದ ನಾಣ್ಯವೂ ನಿಮ್ಮ ಮಗಳ ಓದಿನಲ್ಲಿದೆ. ಇದನ್ನು ನೆನೆದಾಗೆಲ್ಲ ನನ್ನ ಮನಸ್ಸು ತುಂಬುತ್ತದೆ.

ತೊಂದರೆ ಇರುವುದು ಆ 'ತಲೆಗಿಷ್ಟು' ಎನ್ನುವುದರಲ್ಲೇ. ಹತ್ತು ಜನ ಕಡಿಮೆಯಾದರೆ ಹತ್ತು ಫೀಸು ಹೋಯಿತು. ಆದರೆ ಅಡುಗೆಯವರ ಸಂಬಳ, ಗ್ರಂಥಪಾಲಕರ ಸಂಬಳ, ಚಳಿಗಾಲದ ಬಾಯ್ಲರ್ ಬಿಲ್ಲು ಹಾಗೇ ಇರುತ್ತವೆ. ಎಷ್ಟೋ ಕಾಲೇಜುಗಳು ಹಳೆಯ ಪಾರಂಪರಿಕ ಕಟ್ಟಡಗಳಲ್ಲಿವೆ. ಸೋರುವ ಮಾಡು ಸರಿಮಾಡಲೂ ಅನುಮತಿ ಬೇಕು, ಅದೇ ಹಳೇ ನಮೂನೆಯ ಹಂಚು ಬೇಕು. ರಜೆಯಲ್ಲಿ ಕೋಣೆಗಳನ್ನು ಸಮ್ಮೇಳನಗಳಿಗೆ ಬಾಡಿಗೆಗೆ ಕೊಟ್ಟರೂ ಸಾಲುವುದಿಲ್ಲ. 1839ರಲ್ಲಿ ಶುರುವಾಗಿದ್ದ ಚಿಚೆಸ್ಟರ್ ಕಾಲೇಜು 1994ರಲ್ಲಿ ಮುಚ್ಚಿತು. ಸಾಲಿಸ್‌ಬರಿಯದ್ದೂ ಅದೇ ವರ್ಷ, ಲಿಂಕನ್‌ನದ್ದು ಮರುವರ್ಷ. ನಿಮ್ಮ ಪಕ್ಕದ ನಾಟಿಂಗ್‌ಹ್ಯಾಮ್‌ನ ಸೇಂಟ್ ಜಾನ್ಸ್ ಕೂಡ ಉಳಿಯಲಿಲ್ಲ. 2019ರಲ್ಲಿ ಅದನ್ನು ಮುಚ್ಚುವ ಪ್ರಕಟಣೆ ಬಂತು.

'ಹಾಸ್ಟೆಲ್ ಯಾಕೆ, ಸಂಜೆ ತರಗತಿ ಸಾಲದಾ?' ಎಂದು ಕೇಳುವವರಿದ್ದಾರೆ. ಲಂಡನ್ನಿನ ಸದರ್ಕ್‌ನಲ್ಲಿ 1960ರಿಂದಲೇ ಅಂಥ ತರಬೇತಿ ಶುರುವಾಯಿತು. ಕೆಲಸ ಬಿಡಲಾಗದವರು, ಚಿಕ್ಕ ಮಕ್ಕಳಿರುವವರು ಅದರಿಂದಲೇ ಒಳ್ಳೆಯ ಪಾದ್ರಿಗಳಾಗಿದ್ದಾರೆ. ಅದು ಬೇಕು. ಆದರೆ ಎರಡು ಮೂರು ವರ್ಷ ಒಂದೇ ಮಾಡಿನ ಕೆಳಗೆ ಇದ್ದು, ಬೆಳಗ್ಗೆ ಒಟ್ಟಿಗೆ ಪ್ರಾರ್ಥನೆ ಮಾಡಿ, ತನಗೆ ಒಗ್ಗದವರ ಪಕ್ಕದಲ್ಲೇ ಕೂತು ಊಟ ಮಾಡಿದವರಿಗೆ ಸಭೆಯ ಜಗಳಗಳನ್ನು ತಾಳಿಕೊಳ್ಳುವ ಗುಣ ಬರುತ್ತದೆ. ಅದು ನನ್ನ ಗಟ್ಟಿ ನಂಬಿಕೆ. ಖರ್ಚು ಇಳಿಸಬೇಕಾದರೆ ಪಾಠಗಳನ್ನು ಹಂಚಿಕೊಳ್ಳಲಿ. ಕೇಂಬ್ರಿಜ್‌ನಲ್ಲಿ 1972ರಿಂದ ಆಂಗ್ಲಿಕನ್ (ಅಂದರೆ ಚರ್ಚ್ ಆಫ್ ಇಂಗ್ಲೆಂಡಿನ) ಮತ್ತು ಬೇರೆ ಪಂಗಡವಾದ ಮೆಥೊಡಿಸ್ಟ್ ಕಾಲೇಜುಗಳು ಒಕ್ಕೂಟ ಮಾಡಿಕೊಂಡಿವೆ. ನಮ್ಮ ಬೆಂಗಳೂರಿನಲ್ಲಂತೂ 1910ರಲ್ಲೇ ಬೇರೆ ಬೇರೆ ಮಿಶನ್‌ಗಳು ಸೇರಿ ಯು.ಟಿ.ಸಿ. (ಯುನೈಟೆಡ್ ಥಿಯಲಾಜಿಕಲ್ ಕಾಲೇಜು) ಕಟ್ಟಿದವು. ಹಲವು ಸಭೆಗಳೇ ಒಂದಾಗಿ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಹುಟ್ಟಿದ್ದು ಎಷ್ಟೋ ಆಮೇಲೆ, 1947ರಲ್ಲಿ, ಅಲ್ವಾ?

ಈಗ ನಿಮ್ಮ ಕಾಣಿಕೆಯ ವಿಷಯ. ಇಂಗ್ಲೆಂಡಿನ ಕಾಲೇಜಿಗಾದರೆ ಷರತ್ತು ಹಾಕದೆ ಕೊಡಿ. ಎಲ್ಲರೂ ಹೆಸರು ಕೆತ್ತಿಸಿದ ಕಿಟಕಿಗೆ ಕೊಡುತ್ತಾರೆ. ಅಡುಗೆಮನೆಗೆ ಯಾರೂ ಕೊಡುವುದಿಲ್ಲ. ನೀವು ಅಲ್ಲಿ ತೆರಿಗೆ ಕಟ್ಟುತ್ತಿದ್ದರೆ ಗಿಫ್ಟ್ ಏಡ್ ಫಾರಂ ತುಂಬಿ. ನೀವು ಕೊಡುವ ಪ್ರತಿ ಪೌಂಡಿಗೆ 25 ಪೆನ್ಸ್ ಸರ್ಕಾರದಿಂದ ಕಾಲೇಜಿಗೆ ಬರುತ್ತದೆ, ನಿಮಗೆ ಖರ್ಚಿಲ್ಲ.

ತಂದೆಯವರ ಹೆಸರಿನಲ್ಲಿ ಕೊಡುವುದನ್ನು ಮಾತ್ರ ಬಲ್ಮಠಕ್ಕೇ ಕೊಡಿ ಎನ್ನುತ್ತೇನೆ. ಅದು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ನಿನವರು ಶುರುಮಾಡಿದ್ದು, ಆಂಗ್ಲಿಕನ್ನರದ್ದಲ್ಲ. ಆದರೆ ಹಳ್ಳಿ ಸಭೆಗಳಿಗೆ ಕನ್ನಡದಲ್ಲೇ ಓದಿದ ಸಭಾಪಾಲಕರನ್ನು ಕೊಡುತ್ತಾ ಬಂದಿದೆ. ದತ್ತಿನಿಧಿಯಾಗಿ ಇಟ್ಟು, ಬಡ್ಡಿ ಮಾತ್ರ ಒಬ್ಬ ವಿದ್ಯಾರ್ಥಿಯ ಮೆಸ್ ಖರ್ಚಿಗೆ ಬಳಸಿ ಎಂದು ಬರೆದುಕೊಡಿ. ನಿಮ್ಮದು ಭಾರತದ ಪಾಸ್‌ಪೋರ್ಟ್ ಆಗಿದ್ದರೆ ನಿಮ್ಮ ಸ್ವಂತ ಉಳಿತಾಯದ ಹಣ ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ, ಬ್ಯಾಂಕಿನ ಮೂಲಕ ಕಳಿಸಿದರೆ ಸಾಕು. ಬ್ರಿಟಿಷ್ ಪೌರರಾಗಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾನೂನು ಅನ್ವಯಿಸುತ್ತದೆ. ಆಗ ಸಂಸ್ಥೆಗೆ ಆ ನೋಂದಣಿ ಇರಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಅದರ ಖಾತೆಗೇ ಬರಬೇಕು. ಕಳಿಸುವ ಮೊದಲು ಕಚೇರಿಗೆ ಬರೆದು ಇದನ್ನು ಕೇಳಿಕೊಳ್ಳಿ. ಪತ್ರದಲ್ಲಿ ತಂದೆಯವರು ಯಾವ ವರ್ಷ ಅಲ್ಲಿ ಓದಿದರು ಎಂಬುದನ್ನೂ ತಿಳಿಸಿ.